ಮುಷ್ಟಿಯೊಳಗಿನ ಸೆರಗು

ತೀರಿಕೊಂಡವರ ಲೇಯರ್, ಕಂಪ್ಯೂಟರಿನಲ್ಲಿ ಫೋಟೊದಿಂದ ಬಿಡಿಸಿ ತೆಗೆಯುವ ಪದರದಂಥ ಅವರ ರೂಪ, ಮನೆಯಲ್ಲೇ ಉಳಿಯುತ್ತಿತ್ತು. ಸಾವಿನ ಕಾರ್ಯ ಮುಗಿದ ಮರುದಿನ ಫೋಟೊ ಸ್ಟುಡಿಯೊದ ದಾವಲಸಾಬರು ಲ್ಯಾಪ್‌ಟಾಪ್ ಹಿಡಿದು ಬಂದು, ಅದನ್ನು ಸೆಲೆಕ್ಟ್ ಮಾಡಿ, ಮೆಲ್ಲಗೆ ಬಾಗಿಲಾಚೆ ಸರಿಸಿ ಹೋಗುತ್ತಿದ್ದರು. ಊರಿಗೆಲ್ಲ ರೂಢಿಯಾದ ಕೆಲಸ. ಯಾವುದನ್ನು ಸರಿಸಬೇಕೆಂದು ಮಾತ್ರ ಮನೆಯವರೇ ಮುಟ್ಟಿ ತೋರಿಸಬೇಕು.

ಶಂಕ್ರವ್ವನ ಮೂರು ವರ್ಷದ ಮಗ ಮುದಕಪ್ಪ, ಮಣ್ಣು ಮಾಡಿ ಬಂದ ಮೇಲೂ, ಚಾಪೆಯ ಮೇಲೆ ಮಲಗಿದ ಹಾಗೇ ಉಳಿದಿದ್ದ. ಪಕ್ಕದಲ್ಲಿ ಕೂತಿದ್ದ ಅವಳು ಅವನ ಹಣೆ ಮುಟ್ಟಿದಳು. ಅವನ ಮೈಸುತ್ತ, ಸೆಲೆಕ್ಟ್ ಆದ ಗುರುತಿಗೆ, ಚುಕ್ಕೆಗೆರೆ ಮೂಡಿತು. ದಾವಲಸಾಬರು ಮೌಸ್ ಎಳೆದರು. ಹುಡುಗ ಬಾಗಿಲ ಕಡೆ ಜರುಗಿದ. ಜೊತೆಗೇ ಶಂಕ್ರವ್ವ ಉಟ್ಟಿದ್ದ ಸೀರೆಯ ಸೆರಗೂ ಜಗ್ಗಿತು.

"ನಿಮ್ಮ ಸೆರಗೂ ಇವನ ಲೇಯರಿನ್ಯಾಗ ಕೂಡೇತಲ್ರೀ ಅಕ್ಕಾರ."

"ದಿನಾ ಇದನ್ನ ಹಿಡಕೊಂಡ ಮಲಗತಿದ್ದ ರೀ."

ದಾವಲಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಷ್ಟಿ ಬಿಡಿಸಿ ಬ್ಯಾರೆ ಮಾಡ್ತೀನಿ. ಸೀರಿ ಕೆಡೂದಿಲ್ಲ."

ಶಂಕ್ರವ್ವ ಗೂಡಿನಲ್ಲಿದ್ದ ಕತ್ತರಿಗೆ ಕೈ ಚಾಚಿ, ಮಗನ ಮುಷ್ಟಿಯಲ್ಲಿದ್ದಷ್ಟನ್ನು ಅಲ್ಲೇ ಬಿಟ್ಟು, ತನ್ನ ಸೆರಗನ್ನು ಕತ್ತರಿಸಿಕೊಂಡಳು.

"ಈಗ ಒಯ್ರಿ ಅಣ್ಣಾರ. ಸಾವಕಾಶ. ಕೈ ಖಾಲಿ ಆತಂದ್ರ ಅಂವಗ ಎಚ್ಚರ ಆಕ್ಕೈತಿ."