ನೋವು ಹೋದ ದಿನ

ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಸುರಿದಂಥ ನೋವು. ಬಸ್ ಡ್ರೈವರ್ ಆಗಿದ್ದ ಶಿವಬಸಪ್ಪ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ಗುಳಿಗೆಗೂ ಎಣ್ಣೆಗೂ ನೋವು ಜಗ್ಗದಾಗ, ಸೂಜಿ ಚುಚ್ಚಿ ವಾಸಿ ಮಾಡುವ ಅಕ್ಯುಪಂಕ್ಚರ್ ಡಾಕ್ಟರನ್ನು ಹುಡುಕಿದವಳು ಅವನ ಹೆಂಡತಿ ನೀಲವ್ವ. ವಾರಕ್ಕೆರಡು ಸಲ ಅವನನ್ನು ಆಟೋ ಹತ್ತಿಸಿ, ಹೆಗಲು ಕೊಟ್ಟು ಮೆಟ್ಟಿಲು ಏರಿಸಿ, ಸೂಜಿ ತೆಗೆಯುವವರೆಗೂ ಅವನ ತಲೆಯ ಹತ್ತಿರ ಕೂತಿರುತ್ತಿದ್ದಳು.

ಬೆನ್ನ ತುಂಬ ಸೂಜಿ ಚುಚ್ಚಿಸಿಕೊಂಡು ಬೋರಲು ಮಲಗಿದಾಗ ಅವನಿಗೆ ಹಳೆಯದೆಲ್ಲ ನೆನಪಾಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವಳ ಮುಖಕ್ಕೇ ತಾಟು ಎಸೆದದ್ದು, ಅವಳ ತಾಯಿ ಸತ್ತಾಗಲೂ ತವರಿಗೆ ಕಳಿಸದೆ ಇದ್ದದ್ದು. ಇಷ್ಟೆಲ್ಲ ಮಾಡಿದರೂ ಇವಳಿಗೆ ನನ್ನ ಮೇಲೆ ಎಷ್ಟು ಜೀವ ಎಂದುಕೊಂಡಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಹದಿನೆಂಟನೆಯ ಸಲ ಸೂಜಿ ತೆಗೆದ ಡಾಕ್ಟರು, "ಇನ್ನ ನೀವು ಬರೂದು ಬ್ಯಾಡ್ರಿ" ಎಂದರು. ಶಿವಬಸಪ್ಪ ಯಾರ ಆಸರೆಯೂ ಇಲ್ಲದೆ ಮೆಟ್ಟಿಲಿಳಿದು ಬೀದಿಗೆ ಬಂದ.

"ಖರೇನ ನೋವ ಹೋತೇನ್ರಿ?" ನೀಲವ್ವ ಕೇಳಿದಳು.

"ಒಂಚೂರೂ ಇಲ್ಲ ನೋಡ."

"ಒಬ್ಬರ ಅಡ್ಡಾಡತೀರಿ? ಯಾರೂ ಹಿಡ್ಕೊಳೂದು ಬ್ಯಾಡ?"

"ಅಡ್ಡಾಡೂದೇನ, ನಾಳೆ ಬಸ್ಸೂ ಹೊಡೀತೀನಿ! ಎಲ್ಲಾ ನಿನ್ನಿಂದ ಆತು. ಏನ ಬೇಕ ಕೇಳ, ಇವತ್ತ ಕೊಡಸ್ತೀನಿ."

ಅವಳು ಅವನ ಗುಳಿಗೆಯ ಚೀಲವನ್ನು ಅವನ ಕೈಗೆ ಕೊಟ್ಟಳು.

"ಏನೂ ಬ್ಯಾಡ್ರಿ. ಹಾಸಿಗಿ ಹಿಡದ ಗಂಡನ್ನ ಬಿಟ್ಟ ಹೋದ್ಲು ಅಂತ ಮಂದಿ ಅನ್ನಬಾರದು ಅಂತ ಇಷ್ಟ ದಿನ ಕಾದ್ನಿ. ಇನ್ನ ನಾ ಹೋಗತೀನಿ."