ಬಲವಾದ ಎಲೆ ಬರುವ ತನಕ

"ಸೋತರೆ ಈ ಪೆನ್ನು ನಿಮ್ದು. ಗೆದ್ದರೆ ಪುಸ್ತಕದಲ್ಲಿ ನನ್ನ ಹೆಸರು ಹಾಕಿಸ್ಬೇಕು," ಎಂದು ಪ್ರೂಫ್ ಮೇಷ್ಟ್ರು ಮೇಜಿನ ಮೇಲೆ ಪೆನ್ನು ಇಟ್ಟರು. ಲೇಖಕರು ನಕ್ಕು ಒಪ್ಪಿಕೊಂಡರು. ಹೊಸಬರಿಗೆ ಪೋಕರ್ ಕಲಿಸುವ ಅವರ ಪುಸ್ತಕ ಕೆಳಗಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಮುಖಪುಟದ ಶಾಯಿ ಒಣಗಲು ಇನ್ನೂ ಒಂದು ಗಂಟೆ ಬೇಕಿತ್ತು.

ಮೂವತ್ತೊಂದು ವರ್ಷ ಕಂಡವರ ಪುಸ್ತಕದ ತಪ್ಪು ಹೆಕ್ಕಿದ ಮೇಷ್ಟ್ರ ಹೆಸರು ಒಂದರಲ್ಲೂ ಬಂದಿರಲಿಲ್ಲ. ಈ ಪುಸ್ತಕವನ್ನಂತೂ ಮೂರು ಸಲ ತಿದ್ದಿ ಬಾಯಿಪಾಠ ಮಾಡಿಕೊಂಡಿದ್ದರು. ಮೊದಲು ಕೈಗೆ ಬರುವ ಎರಡು ಎಲೆ ಬಲವಾಗಿದ್ದರೆ ಮಾತ್ರ ಆಡಿ, ಇಲ್ಲವೇ ಎಸೆದು ತೆಪ್ಪಗೆ ಕೂರಿ: ಅದರ ಸಾರ ಇಷ್ಟೇ. ಬರೆದವರಿಗೇ ಅವರ ಮಾತಿನಿಂದಲೇ ಮಣ್ಣುಮುಕ್ಕಿಸುವ ಹುಮ್ಮಸ್ಸು ಮೇಷ್ಟ್ರಿಗೆ.

ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕ ಇಬ್ಬರಿಗೂ ರಟ್ಟಿನ ಇಪ್ಪತ್ತಿಪ್ಪತ್ತು ಬಿಲ್ಲೆ ಎಣಿಸಿ ಕೊಟ್ಟು ಇಸ್ಪೀಟು ಹಂಚಿದಳು. ಪ್ರತಿ ಆಟಕ್ಕೂ ಒಂದು ಬಿಲ್ಲೆ ಇಟ್ಟೇ ಕೂರಬೇಕು. ಹನ್ನೆರಡು ಆಟದ ಕೊನೆಗೆ ಯಾರ ಮುಂದೆ ಹೆಚ್ಚು ಬಿಲ್ಲೆಯೋ ಅವರೇ ಗೆದ್ದಂತೆ.

"ಪ್ಯಾಕ್," ಎಂದರು ಮೇಷ್ಟ್ರು. ಮುಂದಿನ ಆಟಕ್ಕೂ ಪ್ಯಾಕ್. ಹೀಗೆ ಒಂಬತ್ತು ಸಲ ಎಲೆ ಎಸೆದರು. ಒಂಬತ್ತು ಬಿಲ್ಲೆ ಆಚೆ ದಡ ಸೇರಿತು. ಹತ್ತನೆಯದರಲ್ಲಿ ಎರಡೂ ಎಕ್ಕ! ಮೇಷ್ಟ್ರು ಕುರ್ಚಿ ಮುಂದಕ್ಕೆಳೆದು ಐದು ಬಿಲ್ಲೆ ತಳ್ಳಿದರು.

ಲೇಖಕರು ತಮ್ಮ ಎಲೆಯನ್ನೂ ನೋಡಲಿಲ್ಲ. "ಪ್ಯಾಕ್."

"ಅಯ್ಯೋ, ಇಷ್ಟು ಬೇಗ ಯಾಕೆ?"

"ಒಂಬತ್ತು ಸಲ ಕಲ್ಲಿನ ಥರ ಕೂತಿದ್ದೋರು ಈಗ ಕುರ್ಚಿ ಎಳ್ಕೊಂಡ್ರಿ. ಎಕ್ಕ ಅಲ್ದೆ ಇನ್ನೇನು ಬಂದಿರುತ್ತೆ, ಮೇಷ್ಟ್ರೇ?"

ಎರಡು ಎಕ್ಕದಿಂದ ಮೇಷ್ಟ್ರಿಗೆ ಗಿಟ್ಟಿದ್ದು ಒಂದೇ ಬಿಲ್ಲೆ. ಹನ್ನೊಂದನೇ ಆಟವೂ ಪ್ಯಾಕ್ ಆಯಿತು. ಕೊನೆಯದಕ್ಕೆ ರಾಣಿಯೂ ಎಂಟೂ ಬಂದವು. ಲೇಖಕರು ತಮ್ಮ ರಾಶಿಯನ್ನೆಲ್ಲ ಮುಂದಕ್ಕೆ ತಳ್ಳಿದರು.

"ಈಗಲಾದ್ರೂ ಆಡಿ! ಎಸೆದ್ರೆ ಸೋತ ಹಾಗೇ ಅಲ್ವಾ?" ಎಂದಳು ಅಕ್ಕ.

ಮೇಷ್ಟ್ರು ಬಿಲ್ಲೆಗೆ ಕೈ ಹಾಕಿದರು. ಆದರೆ 'ರಾಣಿ ಬಂದಳೆಂದು ಮೈಮರೆಯಬೇಡಿ; ಜೊತೆಗಿರುವ ಎಲೆ ನೋಡಿ' ಎಂಬ ವಾಕ್ಯಕ್ಕೆ ಅರ್ಧವಿರಾಮ ಹಾಕಿದ್ದು ಸ್ವತಃ ಅವರೇ. "ನಿಯಮ ಅಂದ್ರೆ ನಿಯಮ, ಅಕ್ಕ. ಪ್ಯಾಕ್."

ಲೇಖಕರು ತಮ್ಮ ಎಲೆ ಮಗುಚಿದರು. ಒಂದು ಏಳು, ಒಂದು ಎರಡು.

"ಇದಕ್ಕಿಂತ ದರಿದ್ರ ಎಲೆ ಇಲ್ಲ, ತಕ್ಷಣ ಎಸೀರಿ ಅಂತ ನೀವೇ ಬರ್ದಿದ್ದೀರಲ್ಲ ಸ್ವಾಮಿ!" ಎಂದರು ಮೇಷ್ಟ್ರು.

"ಬರೆದೋನು ನಾನು. ನಂಬಿದೋರು ನೀವು," ಎಂದ ಲೇಖಕರು ಗೆದ್ದ ಪೆನ್ನಿನಿಂದಲೇ ಪ್ರೆಸ್ಸಿನ ಯಜಮಾನರಿಗೆ ಚೀಟಿ ಗೀಚಿ, ಪೆನ್ನನ್ನು ಜೇಬಿಗಿಳಿಸಿ ಹೊರಟುಹೋದರು.

ಮೇಷ್ಟ್ರು ಚೀಟಿ ಓದಿದರು: 'ಇನ್ನೂ ಒಂದು ಸಾವೀರ ಪ್ರತಿ ಹೆಚ್ಚಿಗೆ ಹಾಕಿ.' ಆಮೇಲೆ ಅಕ್ಕನ ಕಿವಿಯ ಹಿಂದಿದ್ದ ಪೆನ್ಸಿಲ್ ಕೇಳಿ ಪಡೆದು, 'ಸಾವೀರ'ದ ದೀರ್ಘ ಹೊಡೆದುಹಾಕಿದರು.