ದಿಬ್ಬ ಹತ್ತಿದ ಅಪ್ಪ

ಮಧ್ಯಾಹ್ನ ಮೂರೂಕಾಲಿಗೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಉಯ್ಯಂಬಳ್ಳಿಯ ದಿಬ್ಬ ಹತ್ತುತ್ತಿದ್ದ ಅಪ್ಪ ಎದೆ ಹಿಡಿದು ಕುಳಿತುಬಿಟ್ಟ. ಹಾರೋಹಳ್ಳಿಯ ಕಾರ್ಖಾನೆ ಸೇರಿದ ಮೇಲೆ ಅವನದು ಕೂತೇ ಮಾಡುವ ಕೆಲಸ; ಹೊರೆ ಹೊರುವ ರೂಢಿ ತಪ್ಪಿತ್ತು.

ಪೊರೆ ಬಿಡಲು 'ಜ್ವರಕ್ಕೆ ಕೂತ' ರೇಷ್ಮೆಹುಳುಗಳನ್ನು ಅಲುಗಿಸದ ಮನೆ ನಮ್ಮದು. "ಜ್ವರಕ್ಕೆ ಕೂತ ಹುಳನೇ ನಾವು ಮುಟ್ಟಾಕಿಲ್ಲ. ಇವನೂ ಅಂಗೇ ಮಲಗ್ಲಿ ಬುಡು," ಎಂದು ಅಜ್ಜಿ ಅಪ್ಪನನ್ನು ಏಳಗೊಡಲಿಲ್ಲ. ಮಲಗಿ ಮಲಗಿ ಅವನಿಗೆ ಹಿತ್ತಿಲಿಗೆ ಹೋದರೂ ಏದುಸಿರು. ದಿನವೂ ರಾತ್ರಿಯಿಡೀ ಅಮ್ಮ ನಿದ್ದೆಗೆಟ್ಟು ಕೂತು ಆ ಉಸಿರನ್ನೇ ಕೇಳುತ್ತಿದ್ದಳು.

ಕನಕಪುರದ ಡಾಕ್ಟರು ಪರೀಕ್ಷಿಸಿ, "ಹೃದಯ ಚೆನ್ನಾಗೈತೆ, ದಮ್ಮು ಹೋಗೈತೆ ಅಷ್ಟೇ. ದಿನಾ ಒಸಿ ಒಸಿ ನಡೀರಿ," ಎಂದರು. ಅಪ್ಪ ಮೊದಲು ಬೇವಿನ ಮರದವರೆಗೆ ನಡೆದ, ಬರಬರುತ್ತಾ ಕೆರೆಯವರೆಗೆ. ಒಂದು ಸಂಜೆ ದಿಬ್ಬದುದ್ದಕ್ಕೂ ನನ್ನನ್ನು ರೇಗಿಸುತ್ತಲೇ ಹತ್ತಿದ: "ಏನಮ್ಮಿ, ಈಗ ನಿಂಗೇ ಉಸ್ರು ಕಟ್ತಾ?"

ಮರುದಿನ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ಮೀರಿ, ಬಿಸಿಲು ಹೊಸ್ತಿಲು ದಾಟಿದರೂ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ ಅಮ್ಮನಿಗೆ ಎಚ್ಚರವಾಗಲಿಲ್ಲ.